‘ಇತ್ತು’ ಮತ್ತು ‘ಆಯಿತು’: ಸ್ಪ್ಯಾನಿಷ್ ತರಗತಿಯ ಎರಡನೆಯ ವರ್ಷ

ಎರಡನೆಯ ವರ್ಷದ ಸ್ಪ್ಯಾನಿಷ್ ತರಗತಿ ಆರಂಭವಾದ ಕೆಲವೇ ವಾರಗಳಲ್ಲಿ ವಿದ್ಯಾರ್ಥಿಗಳು ನನ್ನ ಬಳಿ ಬಂದು ಹೇಳುವ ಮಾತು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ‘ಹೋದ ವರ್ಷ ಚೆನ್ನಾಗಿಯೇ ಬರುತ್ತಿತ್ತು, ಈಗ ಬಾಯಿ ತೆರೆದರೆ ಮಾತೇ ಹೊರಡುವುದಿಲ್ಲ.’ ಅವರು ಸುಳ್ಳು ಹೇಳುತ್ತಿಲ್ಲ. ಮೊದಲ ವರ್ಷದಲ್ಲಿ ಹೆಸರು, ಊರು, ಮನೆಮಂದಿ, ಹವಾಮಾನ, ಗಂಟೆ ಎಷ್ಟು ಎಂಬಷ್ಟನ್ನು ಹೇಳಿದರೆ ಸಾಕು. ಪ್ರತಿ ವಾರ ಹೊಸದೊಂದು ಬಂತು ಎಂಬ ತೃಪ್ತಿ ಇರುತ್ತದೆ. ಎರಡನೆಯ ವರ್ಷದಲ್ಲಿ ನೆನ್ನೆ ಏನಾಯಿತು, ಆಗ ಮನಸ್ಸಿನಲ್ಲಿ ಏನಿತ್ತು, ಮುಂದೆ ಏನಾಗಲಿ ಎಂದು ಬಯಸುತ್ತೀರಿ, ಯಾವುದನ್ನು ನಂಬುತ್ತೀರಿ, ಯಾವುದನ್ನು ನಂಬುವುದಿಲ್ಲ ಎಂದು ಹೇಳಬೇಕಾಗುತ್ತದೆ. ಪದಗಳು ಇದ್ದರೂ ಕ್ರಿಯಾಪದದ ಹತ್ತಿರ ಬಂದು ನಾಲಿಗೆ ನಿಲ್ಲುತ್ತದೆ.

ಯುರೋಪ್ ಮಂಡಳಿಯು 2001ರಲ್ಲಿ ಪ್ರಕಟಿಸಿದ ಭಾಷಾಕಲಿಕೆಯ ಚೌಕಟ್ಟಿನಲ್ಲಿ ಎ1ರಿಂದ ಸಿ2ವರೆಗೆ ಆರು ಹಂತಗಳಿವೆ. ನಾವು ಮಧ್ಯಮ ಹಂತ ಎನ್ನುವುದು ಅಲ್ಲಿನ ಬಿ1ರ ಆಸುಪಾಸು. ಆ ಹಂತ ತಲುಪಿದವರಿಗೆ ತಮ್ಮ ಅನುಭವಗಳನ್ನು, ಘಟನೆಗಳನ್ನು, ಕನಸು ಮತ್ತು ಆಸೆಗಳನ್ನು ವಿವರಿಸಲು ಬರಬೇಕು, ತಮ್ಮ ಅಭಿಪ್ರಾಯಕ್ಕೂ ಯೋಜನೆಗೂ ಚಿಕ್ಕದಾಗಿಯಾದರೂ ಕಾರಣ ಕೊಡಲು ಬರಬೇಕು ಎಂಬುದು ಅಲ್ಲಿನ ವಿವರಣೆ. ಇದನ್ನು ವ್ಯಾಕರಣದ ಪಕ್ಕದಲ್ಲಿಟ್ಟು ಓದಿ ನೋಡಿ. ಅನುಭವ ಮತ್ತು ಘಟನೆ ಎಂದರೆ ಎರಡು ಭೂತಕಾಲಗಳು. ಆಸೆ ಎಂದರೆ ಸಬ್‌ಜಂಕ್ಟಿವ್, ಅಂದರೆ ಬಯಕೆ, ಊಹೆ, ಅನುಮಾನಗಳನ್ನು ಹೇಳುವಾಗ ಕ್ರಿಯಾಪದ ತಾಳುವ ರೂಪ. ಅಭಿಪ್ರಾಯ ಎಂದರೆ ಮತ್ತೆ ಅದೇ ಸಬ್‌ಜಂಕ್ಟಿವ್. ಸಂಭಾಷಣೆಗೆ ಒಂದು ತಾಸು, ವ್ಯಾಕರಣಕ್ಕೆ ಒಂದು ತಾಸು ಎಂದು ವೇಳಾಪಟ್ಟಿಯಲ್ಲಿ ಬೇರೆ ಮಾಡಿದರೂ ಈ ಹಂತದಲ್ಲಿ ಅವೆರಡೂ ಒಂದೇ ಕೆಲಸ. ಹೇಳುವವನು ಸಂಗತಿಯನ್ನು ಎಲ್ಲಿ ನಿಂತು ನೋಡುತ್ತಿದ್ದಾನೆ ಎಂಬುದನ್ನು ಕ್ರಿಯಾಪದದ ರೂಪ ಹೇಳುತ್ತದೆ, ಅದನ್ನು ಕಲಿಯಬೇಕಾದರೆ ಹೇಳಲು ಒಂದು ಸಂಗತಿ ಇರಬೇಕು, ಕೇಳಲು ಒಬ್ಬರು ಇರಬೇಕು.

ಒಂದು ತರಗತಿಯ ಪ್ರಸಂಗ ಹೇಳುತ್ತೇನೆ. ಒಬ್ಬ ವಿದ್ಯಾರ್ಥಿನಿ ರಾತ್ರಿ ಮನೆಗೆ ಬಂದಾಗ ಕೀ ಕಳೆದುಹೋಗಿದ್ದ ಕಥೆಯನ್ನು ಹೇಳಿದಳು. ‘ಯೆಗೇ ಆ ಕಾಸಾ’, ಮನೆಗೆ ಬಂದೆ, ಎಂದು ಸರಿಯಾಗಿಯೇ ಶುರುಮಾಡಿದಳು. ಬಾಗಿಲು ಹಾಕಿತ್ತು ಎನ್ನಲು ‘ಲಾ ಪುಯೆರ್ತಾ ಎಸ್ತೂಬೊ ಸೆರ್ರಾದಾ’ ಎಂದಳು. ಕೀ ಇರಲಿಲ್ಲ ಎನ್ನಲು ‘ನೋ ತೂಬೆ ಲಾ ಯಾವೆ’ ಎಂದಳು. ಹೆದರಿಕೆಯಾಯಿತು ಎನ್ನಲು ‘ತೂಬೆ ಮಿಯೇದೊ’ ಎಂದಳು. ನಾಲ್ಕು ವಾಕ್ಯಗಳಲ್ಲೂ ಒಂದೇ ಭೂತಕಾಲ, ಪ್ರಿಟೆರಿಟ್. ಇನ್ನೊಂದು ಭೂತಕಾಲವಾದ ಇಂಪರ್ಫೆಕ್ಟ್ ಎಲ್ಲೂ ಇಲ್ಲ. ಅವಳ ಟಿಪ್ಪಣಿ ಪುಸ್ತಕದಲ್ಲಿ ಪಠ್ಯದಿಂದ ಬರೆದುಕೊಂಡ ನಿಯಮಗಳ ಪಟ್ಟಿ ಇತ್ತು: ಮುಗಿದ ಕ್ರಿಯೆಗೆ ಪ್ರಿಟೆರಿಟ್, ರೂಢಿಗೆ ಇಂಪರ್ಫೆಕ್ಟ್, ವಯಸ್ಸಿಗೆ ಇಂಪರ್ಫೆಕ್ಟ್, ವೇಳೆಗೆ ಇಂಪರ್ಫೆಕ್ಟ್. ಅವಳ ಪ್ರಶ್ನೆಯೂ ನ್ಯಾಯವಾಗಿತ್ತು: ‘ಎಲ್ಲವೂ ನೆನ್ನೆಯೇ ಮುಗಿದುಹೋಯಿತಲ್ಲ ಮೇಡಂ?’

ನಾನು ಅದೇ ಕಥೆಯನ್ನು ಕನ್ನಡದಲ್ಲಿ ಹೇಳು ಎಂದೆ. ಅವಳು ಯೋಚಿಸದೆ ಹೇಳಿದಳು: ‘ಮನೆಗೆ ಬಂದೆ, ಬಾಗಿಲು ಹಾಕಿತ್ತು, ಕೀ ನನ್ನ ಹತ್ತಿರ ಇರಲಿಲ್ಲ, ಭಯ ಆಯಿತು.’ ಅವಳ ಬಾಯಲ್ಲಿ ‘ಇತ್ತು’ ಯಾವಾಗ ಬಂತು, ‘ಆಯಿತು’ ಯಾವಾಗ ಬಂತು ಎಂದು ಗಮನಿಸಿ. ಹಾಕಿತ್ತು, ಇರಲಿಲ್ಲ: ಇವು ಆಕೆ ಬಂದು ನಿಂತಾಗ ಆಗಲೇ ಇದ್ದ ಸ್ಥಿತಿಗಳು, ಸ್ಪ್ಯಾನಿಷ್‌ನಲ್ಲಿ ಇಂಪರ್ಫೆಕ್ಟ್: ‘ಎಸ್ತಾಬಾ ಸೆರ್ರಾದಾ’, ‘ನೋ ತೆನೀಯಾ ಲಾ ಯಾವೆ’. ಬಂದೆ, ಭಯ ಆಯಿತು: ಇವು ಕಥೆಯನ್ನು ಮುಂದಕ್ಕೆ ತಳ್ಳಿದ ಘಟನೆಗಳು, ಸ್ಪ್ಯಾನಿಷ್‌ನಲ್ಲಿ ಪ್ರಿಟೆರಿಟ್. ಅವಳ ‘ತೂಬೆ ಮಿಯೇದೊ’ ಸರಿಯಾಗಿಯೇ ಇತ್ತು. ದಾರಿಯುದ್ದಕ್ಕೂ ಭಯ ಇತ್ತು ಎಂದು ಹೇಳಬೇಕಿದ್ದರೆ ಮಾತ್ರ ಅದು ‘ತೆನೀಯಾ ಮಿಯೇದೊ’ ಆಗುತ್ತಿತ್ತು. ಇಂಗ್ಲಿಷ್ ಈ ಎರಡಕ್ಕೂ ಒಂದೇ ‘ವಾಸ್’ ಬಳಸುತ್ತದೆ. ಆ ‘ವಾಸ್’ ಮೂಲಕ ಸ್ಪ್ಯಾನಿಷ್‌ಗೆ ಹೋಗುವವರಿಗೆ ವ್ಯತ್ಯಾಸ ದಾರಿಯಲ್ಲೇ ಕಳೆದುಹೋಗುತ್ತದೆ.

ಈ ಜೋಡಿಯನ್ನು ಒಮ್ಮೆ ಹಿಡಿದರೆ ಪಠ್ಯಪುಸ್ತಕಗಳು ಪ್ರತ್ಯೇಕ ಪಾಠ ಮಾಡಿ ಕಲಿಸುವ ಒಂದು ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ. ಕೆಲವು ಕ್ರಿಯಾಪದಗಳು ಎರಡು ಭೂತಕಾಲಗಳಲ್ಲಿ ಎರಡು ಅರ್ಥ ಕೊಡುತ್ತವೆ ಎಂದು ಪುಸ್ತಕಗಳಲ್ಲಿ ಇರುತ್ತದೆ; ಅದನ್ನು ಬಾಯಿಪಾಠ ಮಾಡಬೇಕೆಂದು ವಿದ್ಯಾರ್ಥಿಗಳು ತಿಳಿಯುತ್ತಾರೆ. ‘ಸಬೀಯಾ’ ಎಂದರೆ ನನಗೆ ಗೊತ್ತಿತ್ತು, ‘ಸೂಪೆ’ ಎಂದರೆ ನನಗೆ ಗೊತ್ತಾಯಿತು. ‘ಕೊನೊಸೀಯಾ’ ಎಂದರೆ ಪರಿಚಯವಿತ್ತು, ‘ಕೊನೊಸೀ’ ಎಂದರೆ ಪರಿಚಯವಾಯಿತು. ‘ಅಬೀಯಾ ಉನ್ ಆರ್ಬೊಲ್’, ಅಲ್ಲೊಂದು ಮರ ಇತ್ತು. ‘ಊಬೊ ಉನ್ ಅಕ್ಸಿದೆಂತೆ’, ಒಂದು ಅಪಘಾತ ಆಯಿತು. ‘ನೋ ಪೂದೆ’ ಎಂದರೆ ಪ್ರಯತ್ನಿಸಿದೆ, ಆಗಲಿಲ್ಲ. ‘ನೋ ಪೊದೀಯಾ’ ಎಂದರೆ ಆಗುವ ಸ್ಥಿತಿಯಲ್ಲಿ ಇರಲಿಲ್ಲ. ಕನ್ನಡ ಆಡುವವರಿಗೆ ಇಲ್ಲಿ ಬಾಯಿಪಾಠ ಮಾಡುವಂಥದ್ದು ಬಹಳ ಕಡಿಮೆ. ಹಾಗೆಯೇ ‘ಚಿಕ್ಕಂದಿನಲ್ಲಿ ದಿನಾ ಈಜಲು ಹೋಗುತ್ತಿದ್ದೆ’ ಎನ್ನುವಾಗಲೂ ‘ನಾನು ಈಜಲು ಹೋಗುತ್ತಿದ್ದೆ, ಅಷ್ಟರಲ್ಲಿ ಮಳೆ ಬಂತು’ ಎನ್ನುವಾಗಲೂ ನಮ್ಮ ‘-ಉತ್ತಿದ್ದೆ’ ಒಂದೇ. ಸ್ಪ್ಯಾನಿಷ್‌ನ ಇಂಪರ್ಫೆಕ್ಟ್ ಕೂಡ ಒಂದೇ, ‘ಈಬಾ’.

ಆದರೆ ಈ ಕೀಲಿ ಎಲ್ಲ ಬೀಗಕ್ಕೂ ಹೊಂದುವುದಿಲ್ಲ ಎಂಬುದನ್ನು ಮುಚ್ಚಿಡಬಾರದು. ‘ಹತ್ತು ವರ್ಷ ಅಲ್ಲಿದ್ದೆ’ ಎಂದು ಕನ್ನಡದಲ್ಲಿ ‘ಇರು’ ಬಳಸಿಯೇ ಹೇಳುತ್ತೇವೆ, ಸ್ಪ್ಯಾನಿಷ್‌ನಲ್ಲಿ ಅದು ಪ್ರಿಟೆರಿಟ್: ‘ಬಿಬೀ ದಿಯೇಸ್ ಆನ್ಯೋಸ್ ಆಯೀ’. ‘ಸಮಾರಂಭ ಚೆನ್ನಾಗಿತ್ತು’ ಎನ್ನುತ್ತೇವೆ. ಇಡೀ ಸಮಾರಂಭವನ್ನು ಮುಗಿದ ಮೇಲೆ ಒಟ್ಟಾಗಿ ಅಳೆಯುತ್ತಿರುವುದರಿಂದ ಅಲ್ಲಿ ‘ಎಸ್ತೂಬೊ’ ಬರುತ್ತದೆ. ಅವಧಿಯ ಎರಡೂ ತುದಿಗಳು ಹೇಳುವವನ ಕಣ್ಣಿಗೆ ಕಾಣುತ್ತಿದ್ದರೆ, ಕನ್ನಡ ‘ಇತ್ತು’ ಎಂದರೂ, ಸ್ಪ್ಯಾನಿಷ್ ಪ್ರಿಟೆರಿಟ್ಟನ್ನೇ ಬಳಸುತ್ತದೆ.

ಭೂತಕಾಲದ ಮಾತಿನ ನಡುವೆ ಉಚ್ಚಾರಣೆಯ ಒಂದು ಸಂಗತಿಯನ್ನು ಹೇಳಬೇಕು, ಏಕೆಂದರೆ ನಮ್ಮ ವಿದ್ಯಾರ್ಥಿಗಳು ನಿಜವಾಗಿ ಎಡವುವುದು ಅಲ್ಲಿ. ಕನ್ನಡದಲ್ಲಿ ಹ್ರಸ್ವ ದೀರ್ಘಗಳಿಂದ ಅರ್ಥ ಬದಲಾಗುತ್ತದೆ, ಒತ್ತಿನಿಂದ ಬದಲಾಗುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಹ್ರಸ್ವ ದೀರ್ಘಗಳ ಭೇದವಿಲ್ಲ, ಒತ್ತಿನಿಂದ ಅರ್ಥವೇ ಬೇರೆಯಾಗುತ್ತದೆ. ‘ಆಬ್ಲೊ’ ಎಂದು ಮೊದಲ ಅಕ್ಷರದ ಮೇಲೆ ಒತ್ತು ಹಾಕಿದರೆ ‘ನಾನು ಮಾತಾಡುತ್ತೇನೆ’. ‘ಅಬ್ಲೋ’ ಎಂದು ಕೊನೆಯ ಅಕ್ಷರದ ಮೇಲೆ ಹಾಕಿದರೆ ‘ಅವನು ಮಾತಾಡಿದ’. ಕಾಲವೂ ಬದಲಾಯಿತು, ಆಳೂ ಬದಲಾದ. ‘ನಾನು’, ‘ಅವನು’ ಎಂಬ ಸರ್ವನಾಮಗಳನ್ನು ನಮ್ಮ ಹಾಗೆಯೇ ಬಿಟ್ಟು ಮಾತಾಡುವ ಭಾಷೆ ಅದಾದ್ದರಿಂದ ಕೇಳುವವರಿಗೆ ಆ ಒಂದು ಒತ್ತನ್ನು ಬಿಟ್ಟರೆ ಬೇರೆ ಸುಳಿವು ಇರುವುದಿಲ್ಲ. ಎಲ್ಲ ಅಕ್ಷರಗಳನ್ನೂ ಸಮನಾಗಿ ಉಚ್ಚರಿಸುವ ನಮ್ಮ ಅಭ್ಯಾಸದಿಂದ ಕಥೆಯಲ್ಲಿ ಯಾರು ಏನು ಮಾಡಿದರು ಎಂಬುದೇ ಕಲಸಿಹೋಗುತ್ತದೆ. ಬರವಣಿಗೆಯಲ್ಲಿ ಅಕ್ಷರದ ಮೇಲೆ ಹಾಕುವ ಆ ಸಣ್ಣ ಓರೆಗೆರೆಯನ್ನು ಅಲಂಕಾರವೆಂದು ಬಿಟ್ಟುಬಿಡುವವರಿಗೆ ನಾನು ಅಂಕ ಕಳೆಯುವುದು ಇದೇ ಕಾರಣಕ್ಕೆ.

ಕೀ ಕಳೆದ ಕಥೆಗೆ ಮರಳೋಣ. ‘ಪೆರ್ದೀ ಲಾ ಯಾವೆ’, ನಾನು ಕೀ ಕಳೆದೆ, ಎಂದು ಆಕೆ ಹೇಳಿದ್ದಳು. ತಪ್ಪಿಲ್ಲ. ಆದರೆ ಸ್ಪ್ಯಾನಿಷ್ ಮನೆಮಾತಿನವರು ಇಂಥ ಕಡೆ ಬಹಳ ಸಲ ‘ಸೆ ಮೆ ಪೆರ್ದಿಯೋ ಲಾ ಯಾವೆ’ ಎನ್ನುತ್ತಾರೆ. ಇದರ ರಚನೆಯನ್ನು ಬಿಡಿಸಿ ಇಂಗ್ಲಿಷ್‌ನಲ್ಲಿ ವಿವರಿಸಲು ಅರ್ಧ ಪುಟ ಬೇಕು. ಕನ್ನಡದಲ್ಲಿ ‘ಕೀ ಕಳೆದುಹೋಯಿತು’ ಎಂದರೆ ಮುಗಿಯಿತು. ‘ಸೆ ಮೆ ಒಲ್ಬಿದೋ’ ಎಂದರೆ ನನಗೆ ಮರೆತುಹೋಯಿತು; ‘ಸೆ ಮೆ ಕಯೋ ಎಲ್ ಬಾಸೊ’ ಎಂದರೆ ಲೋಟ ಕೈಜಾರಿ ಬಿತ್ತು; ‘ಸೆ ಮೆ ರೊಂಪಿಯೋ’ ಎಂದರೆ ಒಡೆದುಹೋಯಿತು. ಕೈಯಲ್ಲಿದ್ದ ಲೋಟ ಒಡೆದಾಗ ನಾವು ‘ಒಡೆದೆ’ ಎನ್ನುವುದು ಬೇಕೆಂದೇ ಒಡೆದಾಗ. ಉದ್ದೇಶವಿಲ್ಲದೆ ಆದದ್ದನ್ನು ಉದ್ದೇಶವಿಲ್ಲದೆ ಆದದ್ದೆಂದೇ ಹೇಳುವ ಈ ಸೂಕ್ಷ್ಮ ಎರಡೂ ಭಾಷೆಗಳಲ್ಲಿ ಇದೆ. ಈ ‘ಹೋಗು’ವಿನ ಬಳಕೆಯನ್ನು ಕಂಡಾಗಲೆಲ್ಲ ನನಗೆ ಕನ್ನಡದ ಮೇಲೆ ಹೊಸದಾಗಿ ಪ್ರೀತಿ ಹುಟ್ಟುತ್ತದೆ.

‘ಮೆ ಗುಸ್ತಾ’ದ ವಿಷಯವೂ ಹೀಗೆಯೇ. ‘ಮೆ ಗುಸ್ತಾ ಎಲ್ ಕಫೆ’ ಎಂದರೆ ನನಗೆ ಕಾಫಿ ಇಷ್ಟ. ‘ಮೆ ದುಯೆಲೆ ಲಾ ಕಬೇಸಾ’ ಎಂದರೆ ನನಗೆ ತಲೆ ನೋಯುತ್ತಿದೆ. ‘ಮೆ ಪರೇಸೆ’ ಎಂದರೆ ನನಗೆ ಅನಿಸುತ್ತದೆ. ಅನುಭವಿಸುವವರು ಚತುರ್ಥಿಯಲ್ಲಿ ನಿಲ್ಲುವುದು ನಮಗೆ ಹುಟ್ಟಿನಿಂದಲೇ ರೂಢಿ. ಆದರೆ ಆ ರೂಢಿಯನ್ನು ನಂಬಿ ಮುಂದೆ ಹೋದವರು ಹಸಿವಿನ ಹತ್ತಿರ ಬೀಳುತ್ತಾರೆ. ನಮಗೆ ಹಸಿವಾಗುತ್ತದೆ, ನಮಗೆ ಇಪ್ಪತ್ತು ವರ್ಷ; ಸ್ಪ್ಯಾನಿಷ್‌ನವರಿಗೆ ಮಾತ್ರ ಹಸಿವೂ ವಯಸ್ಸೂ ಕೈಯಲ್ಲಿರುವ ವಸ್ತುಗಳಂತೆ: ‘ತೆಂಗೊ ಆಂಬ್ರೆ’, ‘ತೆಂಗೊ ಬೇಯಿಂತೆ ಆನ್ಯೋಸ್’.

ಆಗಿರು, ಇರು ಎಂಬರ್ಥದ ‘ಸೆರ್’ ಮತ್ತು ‘ಎಸ್ತಾರ್’ ಎಂಬ ಎರಡು ಕ್ರಿಯಾಪದಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮೊದಲ ವರ್ಷದಲ್ಲೇ ಕೇಳಿದ್ದೀರಿ. ಆದರೆ ಶಾಶ್ವತವಾದದ್ದಕ್ಕೆ ‘ಸೆರ್’, ತಾತ್ಕಾಲಿಕವಾದದ್ದಕ್ಕೆ ‘ಎಸ್ತಾರ್’ ಎಂಬ ನಿಯಮವನ್ನು ಈ ವರ್ಷ ಮರೆತುಬಿಡಿ. ಸತ್ತಿದ್ದಾನೆ ಎನ್ನಲು ‘ಎಸ್ತಾ ಮುಯೆರ್ತೊ’ ಎನ್ನುತ್ತಾರೆ. ಸಾವಿಗಿಂತ ಶಾಶ್ವತವಾದದ್ದು ಯಾವುದಿದೆ? ಕನ್ನಡದ ರೂಪವನ್ನೇ ನೋಡಿ: ಸತ್ತಿದ್ದಾನೆ, ಕುಳಿತಿದ್ದಾನೆ, ಬಾಗಿಲು ತೆರೆದಿದೆ. ಕ್ರಿಯೆ ನಡೆದು ಅದರ ಫಲವಾಗಿ ಉಳಿದ ಸ್ಥಿತಿಯನ್ನು ನಾವು ‘ಇರು’ ಸೇರಿಸಿ ಹೇಳುತ್ತೇವೆ, ಅವರು ‘ಎಸ್ತಾರ್’ ಸೇರಿಸಿ ಹೇಳುತ್ತಾರೆ. ‘ಅವರು ವೈದ್ಯರು’ ಎಂಬಲ್ಲಿ ನಮಗೆ ಕ್ರಿಯಾಪದವೇ ಬೇಡ. ಅಲ್ಲಿ ಅವರಿಗೆ ‘ಸೆರ್’.

ಇನ್ನು ಸಬ್‌ಜಂಕ್ಟಿವ್. ಎರಡನೆಯ ವರ್ಷದ ಅರ್ಧ ಭಯ ಇದರದೇ. ‘ಇಂಗ್ಲಿಷ್‌ನಲ್ಲಿ ಇದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಆದ್ದರಿಂದ ಕಷ್ಟ’ ಎಂಬ ಮುನ್ನುಡಿಯೊಂದಿಗೆ ಪಾಠ ಶುರುವಾಗುತ್ತದೆ. ಇಂಗ್ಲಿಷ್‌ನಲ್ಲಿ ಕಡಿಮೆ ಇದ್ದರೆ ಇರಲಿ. ನಮ್ಮ ಶಾಲಾ ವ್ಯಾಕರಣದಲ್ಲಿ ವಿಧ್ಯರ್ಥಕ, ಸಂಭಾವನಾರ್ಥಕ ಎಂಬ ಎರಡು ರೂಪಗಳಿವೆ. ಮಳೆ ಬರುತ್ತದೆ, ಮಳೆ ಬರಲಿ, ಮಳೆ ಬಂದೀತು: ಮೂರೂ ಬೇರೆ. ಮೊದಲನೆಯದು ಹೀಗಿದೆ ಎಂದು ಸಾರುತ್ತದೆ, ‘ಯುಯೆವೆ’. ಎರಡನೆಯದು ಬಯಕೆ, ‘ಕೆ ಯುಯೆವಾ’. ಮೂರನೆಯದು ಆಗಬಹುದೆಂಬ ಊಹೆ, ‘ಪುಯೆದೆ ಕೆ ಯುಯೆವಾ’. ನಾವು ಬಯಕೆಗೆ ಒಂದು, ಊಹೆಗೆ ಒಂದು ಎಂದು ಎರಡು ರೂಪಗಳನ್ನು ಇಟ್ಟುಕೊಂಡಿದ್ದೇವೆ, ಸ್ಪ್ಯಾನಿಷ್ ಎರಡಕ್ಕೂ ಒಂದನ್ನೇ ಇಟ್ಟುಕೊಂಡಿದೆ. ಮಗು ಗೋಡೆ ಹತ್ತುತ್ತಿದ್ದರೆ ‘ಜೋಪಾನ, ಬಿದ್ದೀಯ!’ ಎಂದು ಕೂಗುತ್ತೇವಲ್ಲ, ಅಲ್ಲಿ ಸ್ಪ್ಯಾನಿಷ್‌ನ ತಾಯಿ ‘ಕುಯಿದಾದೊ, ನೋ ತೆ ಕಾಯ್ಗಾಸ್!’ ಎನ್ನುತ್ತಾಳೆ. ಆ ‘ಕಾಯ್ಗಾಸ್’ ಸಬ್‌ಜಂಕ್ಟಿವ್. ಬಯಕೆಗೆ ಎಲ್ಲರೂ ಬಳಸುವ ‘ಓಖಲಾ’ ಎಂಬ ಮಾತು ಸ್ಪೇನ್, ಪೋರ್ಚುಗಲ್ ಇರುವ ಐಬೀರಿಯಾದಲ್ಲಿ ಶತಮಾನಗಳ ಕಾಲ ಬಳಕೆಯಲ್ಲಿದ್ದ ಅರಬ್ಬಿಯಿಂದ ಬಂದದ್ದು. ದೇವರು ಬಯಸಿದರೆ ಎಂಬುದು ಅದರ ಮೂಲಾರ್ಥ. ‘ಓಖಲಾ’ ಬಂದರೆ ಹಿಂದೆಯೇ ಸಬ್‌ಜಂಕ್ಟಿವ್ ಬರಲೇಬೇಕು.

ರೂಪದ ಬಗ್ಗೆಯೂ ಹೆದರಬೇಕಾಗಿಲ್ಲ. ನೀವು ಅದನ್ನು ಮೊದಲ ವರ್ಷದಲ್ಲೇ ಗೊತ್ತಿಲ್ಲದೆ ಕಲಿತಿದ್ದೀರಿ. ‘ಉಸ್ತೆದ್’ ಎಂದು ಗೌರವದಿಂದ ಮಾತಾಡಿಸುವಾಗ ಬನ್ನಿ ಎನ್ನಲು ‘ಬೆಂಗಾ’, ಹೇಳಿ ಎನ್ನಲು ‘ದೀಗಾ’ ಎನ್ನುತ್ತೀರಿ; ಅವೇ ಸಬ್‌ಜಂಕ್ಟಿವ್ ರೂಪಗಳು. ಸ್ಪೇನ್‌ನಲ್ಲಿ ಫೋನ್ ಎತ್ತಿದವರು ‘ದೀಗಾ’ ಎನ್ನುವುದನ್ನು ಕೇಳಿರಬಹುದು. ‘ಉಸ್ತೆದ್’ ಎಂಬುದೇ ‘ತಮ್ಮ ಕೃಪೆ’ ಎಂಬಂಥ ಅರ್ಥದ ‘ಬುಯೆಸ್ತ್ರಾ ಮೆರ್ಸೆದ್’ ಎಂಬ ಎರಡು ಪದಗಳು ಬಾಯಲ್ಲಿ ಸವೆದು ಆದದ್ದು. ಎದುರಿಗಿರುವವರನ್ನು ಕುರಿತು ಆಡಿದರೂ ಕ್ರಿಯಾಪದ ಪ್ರಥಮ ಪುರುಷದಲ್ಲಿ ಇರುವುದಕ್ಕೆ ಇದೇ ಕಾರಣ.

ಕನ್ನಡ ನಮ್ಮ ಕೈಬಿಡುವುದು ಅಭಿಪ್ರಾಯ ಹೇಳುವ ಕಡೆ. ತರಗತಿಯಲ್ಲಿ ಚರ್ಚೆ ಇಟ್ಟಾಗ ‘ಕ್ರೇಯೊ ಕೆ ಎಸ್ ಬುಯೆನೊ’, ಅದು ಒಳ್ಳೆಯದೆಂದು ನಂಬುತ್ತೇನೆ, ಎಂದು ಎಲ್ಲರೂ ಹೇಳುತ್ತಾರೆ. ವಿರೋಧಿಸುವವರು ಅದಕ್ಕೇ ‘ನೋ’ ಅಂಟಿಸಿ ‘ನೋ ಕ್ರೇಯೊ ಕೆ ಎಸ್ ಬುಯೆನೊ’ ಎನ್ನುತ್ತಾರೆ. ಅಲ್ಲಿ ‘ಎಸ್’ ಬದಲು ಅದರ ಸಬ್‌ಜಂಕ್ಟಿವ್ ರೂಪ ‘ಸೇಯಾ’ ಬರಬೇಕು. ‘ಒಳ್ಳೆಯದು ಅಂತ ನನಗೆ ಅನಿಸುವುದಿಲ್ಲ’ ಎನ್ನುವಾಗ ನಮ್ಮ ‘ಒಳ್ಳೆಯದು’ ಬದಲಾಗುವುದಿಲ್ಲ, ಆದ್ದರಿಂದ ಕಿವಿ ಎಚ್ಚರಿಸುವುದಿಲ್ಲ. ಹೇಳುವವನು ಒಳವಾಕ್ಯದ ಸಂಗತಿಯನ್ನು ನಿಜವೆಂದು ಸಾರುತ್ತಿದ್ದಾನೆಯೇ, ಬರೀ ಪ್ರಸ್ತಾಪಿಸುತ್ತಿದ್ದಾನೆಯೇ ಎಂಬುದೇ ಇಲ್ಲಿಯ ಪ್ರಶ್ನೆ. ಇನ್ನೊಂದು ಕಡೆ ಕನ್ನಡ ಅರ್ಧ ಸಹಾಯ ಮಾಡುತ್ತದೆ. ‘ನಕ್ಷೆಗಳಿರುವ ಪುಸ್ತಕ ಹುಡುಕುತ್ತಿದ್ದೇನೆ’ ಎಂದರೆ ಅಂಥ ಒಂದು ನಿರ್ದಿಷ್ಟ ಪುಸ್ತಕ ನನಗೆ ಗೊತ್ತಿರಬಹುದು. ‘ನಕ್ಷೆಗಳಿರುವಂಥ ಯಾವುದಾದರೂ ಪುಸ್ತಕ’ ಎಂದರೆ ಅದು ಇದೆಯೋ ಇಲ್ಲವೋ ತಿಳಿಯದು. ಸ್ಪ್ಯಾನಿಷ್‌ನಲ್ಲಿ ಮೊದಲನೆಯದು ‘ಕೆ ತಿಯೇನೆ ಮಾಪಾಸ್’, ಎರಡನೆಯದು ‘ಕೆ ತೆಂಗಾ ಮಾಪಾಸ್’. ನಮ್ಮ ‘ಅಂಥ’ದಲ್ಲಿ ಇರುವ ಸಡಿಲವನ್ನು ಅವರು ಕ್ರಿಯಾಪದದ ಒಂದು ರೂಪದಲ್ಲಿ ಹಿಡಿದಿಟ್ಟಿದ್ದಾರೆ.

ಹಾಗಾದರೆ ಇದೆಲ್ಲ ಬಾಯಿಗೆ ಬರುವುದು ಹೇಗೆ? ನಾನು ಮಾಡಿಸುವ ಒಂದು ಅಭ್ಯಾಸವನ್ನು ಹೇಳುತ್ತೇನೆ. ವಿದ್ಯಾರ್ಥಿ ತನ್ನ ಒಂದು ಅನುಭವವನ್ನು ನಾಲ್ಕು ನಿಮಿಷ ಒಬ್ಬರಿಗೆ ಹೇಳಬೇಕು. ಅದೇ ಅನುಭವವನ್ನು ಎರಡನೆಯವರಿಗೆ ಮೂರು ನಿಮಿಷದಲ್ಲಿ, ಮೂರನೆಯವರಿಗೆ ಎರಡು ನಿಮಿಷದಲ್ಲಿ. ಮೊದಲ ಸಲ ಪದ ಹುಡುಕುವುದರಲ್ಲೇ ಶಕ್ತಿಯೆಲ್ಲ ಖರ್ಚಾಗುತ್ತದೆ. ಮೂರನೆಯ ಸಲಕ್ಕೆ ಕಥೆ ಗೊತ್ತಿದೆ, ಪದಗಳು ಸಿಕ್ಕಿವೆ. ಆಗ ಗಮನವು ಕ್ರಿಯಾಪದದ ತುದಿಗೆ ಹೋಗಲು ಬಿಡುವು ಸಿಗುತ್ತದೆ. ಹೇಳುತ್ತಿರುವಾಗ ನಾನು ತಿದ್ದುವುದಿಲ್ಲ. ತಪ್ಪಿದ ಐದಾರು ವಾಕ್ಯಗಳನ್ನು ಹೆಸರಿಲ್ಲದೆ ಹಲಗೆಯ ಮೇಲೆ ಬರೆದು, ‘ಇದನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀರಿ, ಇತ್ತೋ ಆಯಿತೋ?’ ಎಂದು ಕೇಳುತ್ತೇನೆ. ಯಾರ ವಾಕ್ಯವೋ ಅವರೇ ತಿದ್ದಿಕೊಳ್ಳುತ್ತಾರೆ.

ಪದ ಸಿಗದಾಗ ಇಂಗ್ಲಿಷ್‌ಗೆ ಜಾರದಂತೆ ಮಾತಿನ ನಡುವಿನ ತುಂಡುಗಳನ್ನು ಮೊದಲ ವಾರದಲ್ಲೇ ಕೊಡುತ್ತೇನೆ. ‘ಆ ಬೇರ್’ ಎಂದರೆ ನೋಡೋಣ, ‘ಓ ಸೇಯಾ’ ಎಂದರೆ ಅಂದರೆ, ‘ಎಸ್ ಕೆ’ ಎಂದರೆ ಅದೇನೆಂದರೆ. ತಡವಾಗಿ ಬಂದವರು ‘ಎಸ್ ಕೆ...’ ಎಂದು ಶುರುಮಾಡಿದರೆ ನೆಪ ಬರುತ್ತಿದೆ ಎಂದು ತಿಳಿಯುತ್ತದೆ, ಸ್ಪ್ಯಾನಿಷ್ ಚೆನ್ನಾಗಿ ಬರುತ್ತಿದೆ ಎಂದೂ ತಿಳಿಯುತ್ತದೆ. ಸ್ಟೇಪ್ಲರ್‌ಗೆ ಪದ ಗೊತ್ತಿಲ್ಲದಿದ್ದರೆ ‘ಉನಾ ಕೋಸಾ ಪಾರಾ ಉನೀರ್ ಪಪೇಲೆಸ್’, ಹಾಳೆಗಳನ್ನು ಜೋಡಿಸುವ ಒಂದು ವಸ್ತು, ಎಂದು ಹೇಳಿ ಮುಂದೆ ಹೋಗಬೇಕು. ಆ ವಸ್ತುವಿನ ಹೆಸರನ್ನು ಎದುರಿಗಿರುವವರೇ ಕೊಡುತ್ತಾರೆ. ಹಾಗೆ ಬಂದ ಪದ ಮರೆಯುವುದಿಲ್ಲ.

ಯಾವ ದೇಶದ ಸ್ಪ್ಯಾನಿಷ್ ಕಲಿಯಬೇಕು ಎಂದು ಈಗಷ್ಟೇ ಒಬ್ಬರು ಚೀಟಿ ಕಳಿಸಿದ್ದಾರೆ. ಇಪ್ಪತ್ತು ಸ್ವತಂತ್ರ ದೇಶಗಳಲ್ಲಿ ಅದು ಅಧಿಕೃತ ಭಾಷೆ, ಮಾತಿನಲ್ಲಿ ವ್ಯತ್ಯಾಸ ಇದ್ದೇ ಇದೆ. ಬೆಳಗ್ಗೆ ತಿಂದದ್ದನ್ನು ಮಧ್ಯಾಹ್ನ ಹೇಳುವಾಗ ಸ್ಪೇನ್‌ನ ಬಹುಭಾಗದಲ್ಲಿ ‘ಎ ಕೊಮೀದೊ’ ಎನ್ನುತ್ತಾರೆ, ನಮ್ಮ ‘ತಿಂದಿದ್ದೇನೆ’ಯ ಹಾಗೆ, ಲ್ಯಾಟಿನ್ ಅಮೆರಿಕದ ಬಹುಭಾಗದಲ್ಲಿ ‘ಕೊಮೀ’, ತಿಂದೆ, ಎನ್ನುತ್ತಾರೆ. ಗೆಳೆಯರ ಗುಂಪಿಗೆ ‘ನೀವು’ ಎನ್ನಲು ಸ್ಪೇನ್‌ನಲ್ಲಿ ‘ಬೊಸೋತ್ರೊಸ್’ ಎನ್ನುತ್ತಾರೆ, ಲ್ಯಾಟಿನ್ ಅಮೆರಿಕದಲ್ಲಿ ‘ಉಸ್ತೇದೆಸ್’. ಅರ್ಜೆಂಟೀನಾದಲ್ಲಿ ‘ನೀನು’ ಎನ್ನಲು ‘ತೂ’ ಬದಲು ‘ಬೋಸ್’ ಇದೆ, ಅದಕ್ಕೆ ಕ್ರಿಯಾಪದದ ಒತ್ತು ಕೊನೆಗೆ ಸರಿಯುತ್ತದೆ: ‘ತೂ ಆಬ್ಲಾಸ್’ ಎಂಬುದು ‘ಬೋಸ್ ಅಬ್ಲಾಸ್’ ಆಗುತ್ತದೆ. ಮಾತಾಡಲು ಯಾವುದಾದರೂ ಒಂದನ್ನು ಹಿಡಿಯಿರಿ, ಅದನ್ನು ವರ್ಷಪೂರ್ತಿ ಬಿಡಬೇಡಿ. ಕೇಳುವುದನ್ನು ಮಾತ್ರ ಒಂದೇ ದೇಶಕ್ಕೆ ಕಟ್ಟಿಹಾಕಬೇಡಿ. ಮುಂದಿನ ವಾರದ ಶ್ರವಣಪಾಠಕ್ಕೆ ನಾನು ಆರಿಸಿರುವ ಧ್ವನಿ ಬ್ಯೂನಸ್ ಐರಿಸ್‌ನದು, ಒತ್ತಿಗೆ ಕಿವಿಗೊಟ್ಟು ಕೇಳಿಕೊಂಡು ಬನ್ನಿ.